ಜಗಲಿಯಲ್ಲಿ ರಾಜಿ ಮಾಡಿಸುವ ನಮ್ಮ ಕರಾವಳಿಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಈ ಪಟ್ಟಿಯ ಊರೂರಿನ ದೇವಸ್ಥಾನದ ಮೊಕ್ತೇಸರರಿಗೆ, ಜಾತಿ ಸಂಘದ ಅಧ್ಯಕ್ಷರಿಗೆ, ಪಂಚಾಯ್ತಿ ಸದಸ್ಯರಿಗೆ ಈ ಪತ್ರ. ಒಟ್ಟಿನಲ್ಲಿ ಊರಲ್ಲಿ ಏನಾದರೂ ಆದಾಗ ಪೊಲೀಸರಿಗಿಂತ ಮೊದಲು ಜನ ಯಾರ ಮನೆ ಬಾಗಿಲಿಗೆ ಹೋಗುತ್ತಾರೋ ಅವರಿಗೆಲ್ಲ.

ನಾನು ಗೋಕರ್ಣದ ಕಡೆಯವಳು. ನಮ್ಮದೊಂದು 4 ರೂಮಿನ ಹೋಂಸ್ಟೇ ಇದೆ. ಅಡುಗೆ, ರೂಮು ಗುಡಿಸುವುದು, ಲೆಕ್ಕ ಬರೆಯುವುದು ಎಲ್ಲ ನನ್ನದೇ. ಓದಿದ್ದು ಪಿಯುಸಿ. ಆದರೆ ಸೀಸನ್ ಬಂತೆಂದರೆ ನಮ್ಮ ಹಿತ್ತಲಲ್ಲಿ ಸ್ಪೇನ್, ಇಟಲಿ, ಜಪಾನ್, ಎಲ್ಲೆಲ್ಲಿಯ ಹೆಂಗಸರೂ ಕೂತು ಚಾ ಕುಡಿಯುತ್ತಾರೆ. ಹರುಕು ಮುರುಕು ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಅವರಿಂದ ಕೇಳಿದ್ದನ್ನು ಆಮೇಲೆ ನಾನೇ ಹುಡುಕಿ ಓದಿಕೊಂಡಿದ್ದೇನೆ.

ಮುಂದೆ ಹೇಳುವ ಹುಡುಗಿ ಯಾರು ಅಂತ ಅವತ್ತು ಆ ಜಗಲಿಯಲ್ಲಿ ಕೂತಿದ್ದವರಿಗೆ ಗೊತ್ತು. ಉಳಿದವರಿಗೆ ಗೊತ್ತಾಗುವುದು ಬೇಡ. ಅದಕ್ಕೆ ಊರಿನ ಹೆಸರು ಹೇಳುವುದಿಲ್ಲ, ವಯಸ್ಸು, ಕೆಲಸ ಎರಡನ್ನೂ ಸ್ವಲ್ಪ ಬದಲಿಸಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

2018ರ ಆಷಾಢ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಜಗಲಿಯಲ್ಲಿ 11 ಕುರ್ಚಿ ಹಾಕಿದ್ದರು. ಕೆಂಪು ಪ್ಲಾಸ್ಟಿಕ್ ಕುರ್ಚಿ, ದೇವಸ್ಥಾನದಿಂದ ತಂದದ್ದು. ನಡುವೆ ಸ್ಟೂಲಿನ ಮೇಲೆ ಕವಳದ ತಟ್ಟೆ. ಮೆಟ್ಟಿಲ ಹತ್ತಿರ ಕೊಡೆಗಳು ನೀರಿಳಿಸುತ್ತಾ ಬಿದ್ದಿದ್ದವು. ಹುಡುಗಿಗೆ 22. ಮೀನು ಪ್ಯಾಕ್ ಮಾಡುವ ಒಂದು ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಯ ಸೂಪರ್‌ವೈಸರ್ ಅವಳ ಮೇಲೆ ಅತ್ಯಾಚಾರ ಮಾಡಿದ. ನಾನು ಈ ಶಬ್ದವನ್ನೇ ಬರೆಯುತ್ತೇನೆ, ಯಾಕೆಂದರೆ ಅವತ್ತು ಎರಡು ತಾಸು ಮಾತು ನಡೆದರೂ ಒಬ್ಬರೂ ಇದನ್ನು ಹೇಳಲಿಲ್ಲ. "ಆ ವಿಷಯ" ಅಂದರು. "ಆಗಬಾರದ್ದು ಆಗಿ ಹೋಯಿತು" ಅಂದರು. "ಹುಡುಗ ಎಡವಿದ್ದಾನೆ" ಅಂದರು. ಆ ಹುಡುಗನಿಗೆ 34 ವರ್ಷ.

ಅವಳು ಒಳಗಿದ್ದಳು. ಅಡುಗೆಮನೆ ಬಾಗಿಲ ಹಿಂದೆ ನಿಂತು ಅಗಳಿಯನ್ನು ಹೆಬ್ಬೆರಳಲ್ಲಿ ಸರಿಸುತ್ತಿದ್ದಳು, ಮತ್ತೆ ಹಿಂದಕ್ಕೆ ಎಳೆಯುತ್ತಿದ್ದಳು. ಸದ್ದಾಗದ ಹಾಗೆ. ನಾನು ಪಕ್ಕದಲ್ಲೇ ಚಾ ಸೋಸುತ್ತಿದ್ದೆ. ಹೊರಗಿನ ಒಂದೊಂದು ಮಾತೂ ಇಬ್ಬರಿಗೂ ಕೇಳುತ್ತಿತ್ತು. "ಅವನಿಗೇ ಕಟ್ಟಿಬಿಟ್ಟರೆ ಎರಡೂ ಮನೆ ಮರ್ಯಾದೆ ಉಳಿಯುತ್ತದೆ" ಅಂತ ಒಬ್ಬರು ಹೇಳಿದಾಗ ಅಗಳಿ ನಿಂತಿತು. ಅವಳ ಅಪ್ಪ ತುಂಬ ಹೊತ್ತು ಸುಮ್ಮನಿದ್ದು "ಬೇಡ" ಅಂದರು. ಆಮೇಲೆ ದುಡ್ಡಿನ ಮಾತು ಬಂತು. ಅವಳ ಅಣ್ಣ ಸ್ಟೇಷನ್ನಿಗೆ ಹೋಗೋಣ ಅಂದಾಗ ನಿಮ್ಮಲ್ಲೊಬ್ಬರು ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ: "ಇದನ್ನೆಲ್ಲ ಬೀದಿಗೆ ತರೋದು ಫಾರಿನ್‌ದವರ ಪದ್ಧತಿ. ಅವರ ಸಂಸ್ಕೃತಿ ಬೇರೆ, ನಮ್ಮದು ಬೇರೆ. ನಮ್ಮಲ್ಲಿ ಹೆಣ್ಣುಮಕ್ಕಳ ಮಾನ ದೊಡ್ಡದು."

ನಾನು ತಟ್ಟೆ ಹಿಡಿದು ಹೊರಗೆ ಹೋದೆ. 11 ಲೋಟ ಕೊಟ್ಟೆ. ಒಳಗೆ ಬಂದೆ. ನಾನೂ ಬಾಯಿ ಬಿಡಲಿಲ್ಲ. ಅದು ಇಷ್ಟು ವರ್ಷದಿಂದ ನನ್ನನ್ನು ತಿನ್ನುತ್ತಿದೆ.

ಆ ಮಾತಿಗೆ ಉತ್ತರ ಹೇಳೋಣ ಅಂತಲೇ ಈಗ ಕೂತಿದ್ದೇನೆ. ಅವರ ಸಂಸ್ಕೃತಿ ನಿಜವಾಗಿ ಎಷ್ಟು ಬೇರೆ?

ಅದೇ ವರ್ಷ ಚಳಿಗಾಲದಲ್ಲಿ ಸ್ಪೇನಿನ ಒಬ್ಬಳು ಟೀಚರ್ ನಮ್ಮಲ್ಲಿ ಬಂದು ಉಳಿದಳು. ಒಂದು ರಾತ್ರಿ ಹೆಸರು ಹೇಳದೆ ಈ ಕಥೆಯನ್ನು ಅವಳ ಹತ್ತಿರ ಹೇಳಿಕೊಂಡೆ. ನಿಮ್ಮಲ್ಲಿ ಹೀಗೆಲ್ಲ ಇರಲಿಕ್ಕಿಲ್ಲ ಅಂದೆ. ಅವಳು ತಲೆ ಅಲ್ಲಾಡಿಸಿ ತನ್ನ ಕಡೆಯ ಕಥೆ ಶುರು ಮಾಡಿದಳು. ಪಂಪ್ಲೋನಾ ಅಂತ ಊರು. ಅಲ್ಲಿಯ ಗೂಳಿ ಹಬ್ಬ ಜಗತ್ತಿಗೇ ಗೊತ್ತು. 2016ರಲ್ಲಿ ಆ ಹಬ್ಬದ ರಾತ್ರಿ ಐದು ಗಂಡಸರು 18 ವರ್ಷದ ಒಬ್ಬ ಹುಡುಗಿಯ ಮೇಲೆ ಒಂದು ಮನೆಯ ಪ್ರವೇಶದ ಮೂಲೆಯಲ್ಲಿ ಅತ್ಯಾಚಾರ ಮಾಡಿದರು, ವಿಡಿಯೋ ಕೂಡ ಮಾಡಿಕೊಂಡರು. 2018ರ ಏಪ್ರಿಲಿನಲ್ಲಿ ಕೋರ್ಟು ಏನು ಹೇಳಿತು ಗೊತ್ತಾ? ಇದು ಅತ್ಯಾಚಾರ ಅಲ್ಲ, ಅದಕ್ಕಿಂತ ಸಣ್ಣ ಅಪರಾಧ ಅಂತ. ಹೊಡೆದಿಲ್ಲ, ಬೆದರಿಸಿಲ್ಲ ಅಂತ. ಹುಡುಗಿ ಕಣ್ಣು ಮುಚ್ಚಿ ಕಲ್ಲಾಗಿದ್ದಳು, ಅಷ್ಟೇ. ಮೂವರು ಜಡ್ಜುಗಳಲ್ಲಿ ಒಬ್ಬರಿಗಂತೂ ಅವರನ್ನು ಪೂರ್ತಿ ಬಿಟ್ಟುಬಿಡಬೇಕು ಅನಿಸಿತ್ತು. ಇದು ಯುರೋಪ್, ಅದೂ ಮೊನ್ನೆ ಮೊನ್ನೆ.

ವ್ಯತ್ಯಾಸ ಇದ್ದದ್ದು ಆಮೇಲೆ. ಆ ತೀರ್ಪು ಬಂದ ಸಂಜೆಯೇ ಜನ ರಸ್ತೆಗೆ ಇಳಿದರು. ನಮ್ಮ ಟೀಚರ್ ಕೂಡ ಹೋಗಿದ್ದಳು, ತನ್ನ 70 ವರ್ಷದ ಅಮ್ಮನನ್ನು ಕರೆದುಕೊಂಡು. ಅವರ ಕೈಯಲ್ಲಿದ್ದ ಬೋರ್ಡಿನಲ್ಲಿ ಬರೆದದ್ದನ್ನು ನನಗೆ ಹೇಳಿಕೊಟ್ಟಳು: "ಎರ್ಮಾನಾ, ಯೋ ಸಿ ತೆ ಕ್ರೆಯೊ." ತಂಗಿ, ನಾನು ನಿನ್ನನ್ನು ನಂಬುತ್ತೇನೆ ಅಂತ ಅದರ ಅರ್ಥ. ತಂಗಿ ಅಂತ. ನನಗೆ ಆ ಒಂದು ಶಬ್ದಕ್ಕೇ ಕಣ್ಣಲ್ಲಿ ನೀರು ಬಂತು, ಅಗಳಿ ಹಿಡಿದು ನಿಂತವಳಿಗೆ ನಮ್ಮಲ್ಲಿ ಅಷ್ಟು ಜನ ಅಕ್ಕ, ಚಿಕ್ಕಮ್ಮ, ದೊಡ್ಡಪ್ಪ ಇದ್ದರೂ ಒಬ್ಬರೂ ಅದನ್ನು ಹೇಳಿರಲಿಲ್ಲವಲ್ಲ ಅಂತ. 2019ರ ಜೂನಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅದನ್ನು ಅತ್ಯಾಚಾರವೇ ಅಂತ ಹೇಳಿ 15 ವರ್ಷ ಶಿಕ್ಷೆ ಕೊಟ್ಟಿತು. 2022ರಲ್ಲಿ ಕಾನೂನೇ ಬದಲಾಯಿತು. ಹೆಣ್ಣು ಒಪ್ಪಿರಬೇಕು, ಸುಮ್ಮನಿದ್ದಳು ಅಂದರೆ ಒಪ್ಪಿದಳು ಅಂತಲ್ಲ.

ಇನ್ನು ಆ ಮದುವೆಯ ಮಾತು. ನಿಮಗೆ ಅದು ನಮ್ಮ ನೆಲದ ಉಪಾಯ ಅನಿಸಿರಬಹುದು. ಇಟಲಿಯಲ್ಲಿ ಅದಕ್ಕೆ ಕಾನೂನೇ ಇತ್ತು. ಅತ್ಯಾಚಾರ ಮಾಡಿದವನು ಆ ಹುಡುಗಿಯನ್ನೇ ಮದುವೆ ಆದರೆ ಅಪರಾಧ ಮಾಫಿ. ಸಿಸಿಲಿ ದ್ವೀಪದ ಅಲ್ಕಾಮೋ ಎಂಬ ಊರಲ್ಲಿ ಫ್ರಾಂಕಾ ವಿಯೋಲಾ ಅಂತ 17 ವರ್ಷದ ಹುಡುಗಿ. 1965ರ ಡಿಸೆಂಬರಿನಲ್ಲಿ ಒಬ್ಬ ಅವಳನ್ನು ಎತ್ತಿಕೊಂಡು ಹೋದ. ದಿನಗಟ್ಟಲೆ ಕೂಡಿ ಹಾಕಿದ. ಅಲ್ಲಿಯ ಪದ್ಧತಿ ಪ್ರಕಾರ ಅವಳು ಅವನನ್ನೇ ಆಗಬೇಕು. ಅವಳು ಒಲ್ಲೆ ಅಂದಳು. ಅವಳ ಅಪ್ಪ ರೈತ, ದೊಡ್ಡ ಮನುಷ್ಯ ಏನಲ್ಲ, ಮಗಳ ಪಕ್ಕ ನಿಂತ. ಊರವರು ಅವರ ಮನೆಗೆ ಹೋಗುವುದು ಬಿಟ್ಟರು. ಅವರ ದ್ರಾಕ್ಷಿ ತೋಟಕ್ಕೆ ಬೆಂಕಿ ಬಿತ್ತು. ತೋಟ ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾ? ಆದರೂ ಅವರು ಬಗ್ಗಲಿಲ್ಲ. 1966ರಲ್ಲಿ ಅವನಿಗೆ ಜೈಲಾಯಿತು. 1968ರಲ್ಲಿ ಅವಳು ತಾನು ಮೊದಲಿಂದ ಬಲ್ಲ, ತನಗೆ ಬೇಕಾದ ಹುಡುಗನನ್ನು ಮದುವೆಯಾದಳು. ಆ ಕಾನೂನು ಹೋಗುವುದಕ್ಕೆ ಮಾತ್ರ 1981ರ ವರೆಗೆ ಕಾಯಬೇಕಾಯಿತು.

ಇಟಲಿಯಲ್ಲಿ 1996ರ ತನಕ ಅತ್ಯಾಚಾರವನ್ನು ಸಮಾಜದ ನೀತಿಗೆ ಆದ ಅಪರಾಧ ಅಂತ ಎಣಿಸುತ್ತಿದ್ದರು, ಒಬ್ಬ ಮನುಷ್ಯಳ ಮೇಲೆ ಆದ ಅಪರಾಧ ಅಂತ ಅಲ್ಲ. ಇದನ್ನು ಓದಿದಾಗ ನಮ್ಮ "ಮಾನಭಂಗ" ಶಬ್ದ ನೆನಪಾಯಿತು. ಪೇಪರಿನಲ್ಲೂ ಅದೇ, ಬಾಯಲ್ಲೂ ಅದೇ. ತಪ್ಪು ಮಾಡಿದವನು ಅವನು, ಮಾನ ಮುರಿದದ್ದು ಇವಳದ್ದು. "ಅವಳನ್ನು ಕೆಡಿಸಿದ" ಅನ್ನುತ್ತೇವೆ. ಹಾಲು ಕೆಟ್ಟ ಹಾಗೆ. ಕೆಟ್ಟದ್ದನ್ನು ಯಾರು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಅಲ್ವಾ? ಅದಕ್ಕೇ ಬೇಗ ಯಾರಿಗಾದರೂ ಕಟ್ಟುವ ಅವಸರ. ನನ್ನ ಅಜ್ಜಿ ಹೇಳುತ್ತಿದ್ದಳು, ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ ಬಟ್ಟೆ ಮೇಲೆ ಮುಳ್ಳು ಬಿದ್ದರೂ ಹರಿಯೋದು ಬಟ್ಟೆಯೇ ಅಂತ. ಪ್ರೀತಿಯಿಂದಲೇ ಹೇಳುತ್ತಿದ್ದಳು ಪಾಪ. ಆದರೆ ನನ್ನ ಅಣ್ಣಂದಿರನ್ನು ಕೂರಿಸಿಕೊಂಡು ಮುಳ್ಳಿನ ಬಗ್ಗೆ ಒಂದು ದಿನವೂ ಹೇಳಿದ್ದು ನಾನು ಕಾಣೆ.

ಮೊರಾಕ್ಕೋದಲ್ಲಿ 2012ರಲ್ಲಿ ಅಮೀನಾ ಫಿಲಾಲಿ ಎಂಬ 16 ವರ್ಷದ ಹುಡುಗಿ ಹೀಗೇ ಅತ್ಯಾಚಾರ ಮಾಡಿದವನಿಗೇ ಹೆಂಡತಿಯಾಗಿ, ಜೀವ ಕಳೆದುಕೊಂಡಳು. 2014ರಲ್ಲಿ ಅಲ್ಲಿ ಆ ಕಾನೂನನ್ನು ತೆಗೆದರು. 2017ರಲ್ಲಿ ಟುನೀಶಿಯಾ, ಜೋರ್ಡಾನ್, ಲೆಬನಾನ್‌ನಲ್ಲೂ ಹೋಯಿತು. ಅಂದರೆ ನೀವು ಜಗಲಿಯಲ್ಲಿ ಹೇಳಿದ ಉಪಾಯವನ್ನು ಕ್ರಿಶ್ಚಿಯನ್ನರೂ ಮಾಡಿದ್ದಾರೆ, ಮುಸ್ಲಿಮರೂ ಮಾಡಿದ್ದಾರೆ, ಮಾಡಿ ನೋಡಿ ಬಿಟ್ಟಿದ್ದಾರೆ. ನಮ್ಮಲ್ಲಿ ಕಾನೂನು ಯಾವತ್ತೂ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಅತ್ಯಾಚಾರದ ಕೇಸಿನಲ್ಲಿ ರಾಜಿ, ಮದುವೆಯ ಮಾತೇ ಸಲ್ಲದು ಅಂತ 2015ರಲ್ಲಿ ನಮ್ಮ ಸುಪ್ರೀಂ ಕೋರ್ಟು ಖಡಾಖಂಡಿತ ಹೇಳಿದೆ. ನೀವು ಕೂತು ಮಾಡುವ ರಾಜಿಗೆ ಕಾನೂನಿನ ಬಲ ಇಲ್ಲ. ಇರುವುದು ನಿಮ್ಮ ಹಿರಿತನದ ಬಲ ಮಾತ್ರ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಇದನ್ನು ನಾನು ದಿನಾ ಕೇಳುತ್ತೇನೆ. ಕುಡ್ಲೆ ಬೀಚಿನಲ್ಲಿ ವಿದೇಶದ ಹೆಂಗಸರು ಈಜುವಾಗ ಬೇರೆ ಕಡೆಯಿಂದ ಬಂದ ಹುಡುಗರು ಮೊಬೈಲ್ ಹಿಡಿದು ನಿಲ್ಲುತ್ತಾರೆ. ಅವಳು ಕೈ ಅಡ್ಡ ಹಿಡಿದರೂ ಬಿಡುವುದಿಲ್ಲ. ಬೈದರೆ ಪಕ್ಕದ ಅಂಗಡಿಯವನೇ "ಅವರು ಹಾಗೆ ಬರೋದಕ್ಕೆ ಇವರು ಹೀಗೆ ಮಾಡೋದು" ಅನ್ನುತ್ತಾನೆ. ಇದೂ ನಮ್ಮದೇ ಮಾತಲ್ಲ. 1999ರಲ್ಲಿ ಇಟಲಿಯ ದೊಡ್ಡ ಕೋರ್ಟು ಒಂದು ಕೇಸಿನಲ್ಲಿ ಹೇಳಿತ್ತು, ಹುಡುಗಿ ಬಿಗಿ ಜೀನ್ಸ್ ಹಾಕಿದ್ದಳು, ಅದನ್ನು ಅವಳ ಸಹಾಯ ಇಲ್ಲದೆ ತೆಗೆಯಲಿಕ್ಕೆ ಆಗುವುದಿಲ್ಲ, ಹಾಗಾಗಿ ಅವಳು ಒಪ್ಪಿದ್ದಳು ಅಂತ. ಮಾರನೇ ದಿನ ಅಲ್ಲಿಯ ಹೆಣ್ಣು ಎಂಪಿಗಳು ಜೀನ್ಸ್ ಹಾಕಿಕೊಂಡೇ ಪಾರ್ಲಿಮೆಂಟಿಗೆ ಬಂದರು. 2018ರಲ್ಲಿ ಐರ್ಲೆಂಡಿನಲ್ಲಿ ವಕೀಲರು 17 ವರ್ಷದ ಹುಡುಗಿಯ ಒಳ ಉಡುಪಿನ ಬಗ್ಗೆ ಕೋರ್ಟಿನಲ್ಲಿ ವಾದ ಮಾಡಿದರು. ಮೈತುಂಬ ಮುಚ್ಚಿದರೂ ತಪ್ಪು, ಮುಚ್ಚದಿದ್ದರೂ ತಪ್ಪು.

ಇದಕ್ಕೆ ನಾವು ಯುರೋಪಿನ ತನಕ ಹೋಗುವುದೇ ಬೇಡ. ನಮ್ಮ ಅಂಕೋಲೆ, ಕುಮಟೆಯ ಹಾಲಕ್ಕಿ ಒಕ್ಕಲಿಗರ ಅಜ್ಜಿಯಂದಿರನ್ನು ನೋಡಿ. ಕೊರಳ ತುಂಬ ಮಣಿಸರ, ಹೆಗಲು ಬರಿ, ರವಿಕೆ ಇಲ್ಲ. ತಲೆಮಾರಿನಿಂದ ಹಾಗೆಯೇ ಸಂತೆಗೆ ಬಂದಿದ್ದಾರೆ, ಗದ್ದೆಯಲ್ಲಿ ನೆಟ್ಟಿ ಮಾಡಿದ್ದಾರೆ, ಬಸ್ಸು ಹತ್ತಿದ್ದಾರೆ. ಅವರಲ್ಲೇ ಒಬ್ಬರಾದ, ಗಿಡ ನೆಟ್ಟು ಕಾಡು ಬೆಳೆಸಿದ ತುಳಸಿ ಗೌಡರು 2021ರಲ್ಲಿ ಅದೇ ಉಡುಗೆಯಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತಗೊಂಡು ಬಂದರು, ಜಿಲ್ಲೆಯೇ ಹೆಮ್ಮೆ ಪಟ್ಟಿತು. ಬರಿ ಹೆಗಲು ನೋಡಿದರೆ ಗಂಡಸಿಗೆ ತಡೆಯುವುದಿಲ್ಲ ಅನ್ನುವುದು ನಮ್ಮ ಸಂಸ್ಕೃತಿ ಆಗಿದ್ದರೆ ಇದು ಹೇಗೆ ನಡೆಯಿತು? ನಮ್ಮ ನೆಲದ ಸಂಸ್ಕೃತಿ ಅಂದರೆ ನನಗೆ ಆ ಅಜ್ಜಿಯಂದಿರು ನಿರಾತಂಕವಾಗಿ ಓಡಾಡುವುದೇ.

ಜಪಾನ್ ಬಗ್ಗೆ ಸ್ವಲ್ಪ. ನಾವು ಅದನ್ನು ಶಿಸ್ತಿನ ದೇಶ ಅನ್ನುತ್ತೇವೆ. ಅಲ್ಲಿ 2019ರಲ್ಲಿ ಒಂದೇ ತಿಂಗಳಲ್ಲಿ ಇಂಥ ಹಲವು ಕೇಸುಗಳಲ್ಲಿ ಆರೋಪಿಗಳು ಖುಲಾಸೆ ಆದರು. ಒಬ್ಬ ಅಪ್ಪ ಸ್ವಂತ ಮಗಳ ಮೇಲೆ ಅತ್ಯಾಚಾರ ಮಾಡಿದ ಕೇಸಿನಲ್ಲಿ, ಅವಳು ಒಪ್ಪಿರಲಿಲ್ಲ ಅಂತ ಕೋರ್ಟೇ ಹೇಳಿದ್ದರೂ, ತಡೆಯಲು ಅವಳಿಗೆ ಆಗುತ್ತಲೇ ಇರಲಿಲ್ಲ ಎಂಬುದಕ್ಕೆ ಸಾಕ್ಷಿ ಸಾಲದು ಅಂತ ಅವನನ್ನು ಬಿಟ್ಟಿತು. ಹೆಂಗಸರು ಪ್ರತಿ ತಿಂಗಳ 11ನೇ ತಾರೀಕಿಗೆ ಒಂದೊಂದು ಹೂವು ಹಿಡಿದು ಊರೂರಲ್ಲಿ ನಿಂತರು. ಕೂಗಾಟ ಇಲ್ಲ. ಯಾರಾದರೂ ಮುಂದೆ ಬಂದು ತನಗಾದದ್ದನ್ನು ಹೇಳುವುದು, ಉಳಿದವರು ಕೇಳುವುದು. ನಾಲ್ಕು ವರ್ಷ ಬಿಟ್ಟು, 2023ರಲ್ಲಿ, ಒಪ್ಪಿಗೆ ಇಲ್ಲದಿದ್ದರೆ ಅಪರಾಧ ಅಂತ ಕಾನೂನು ಬಂತು. ಒಪ್ಪಿಗೆಯ ವಯಸ್ಸು 13 ಇದ್ದದ್ದು 16 ಆಯಿತು.

ಫ್ರಾನ್ಸಿನಲ್ಲಿ 2024ರಲ್ಲಿ ಜಿಸೆಲ್ ಪೆಲಿಕೋ ಎಂಬ ಎಪ್ಪತ್ತು ದಾಟಿದ ಹೆಂಗಸು ಬಾಗಿಲು ಮುಚ್ಚಿ ವಿಚಾರಣೆ ಮಾಡುವುದು ಬೇಡ, ಎಲ್ಲರೂ ಬರಲಿ ಅಂದಳು. ಗಂಡನೇ ಅವಳಿಗೆ ನಿದ್ದೆ ಔಷಧ ಹಾಕಿ ಬೇರೆಯವರನ್ನು ಕರೆಸುತ್ತಿದ್ದ. ಅವನೂ ಸೇರಿ 51 ಗಂಡಸರಿಗೆ ಶಿಕ್ಷೆ ಆಯಿತು. ನಾಚಿಕೆ ಆಗಬೇಕಾದ್ದು ನನಗಲ್ಲ, ಅವರಿಗೆ ಅಂತ ಅವಳ ನಿಲುವು. ಆ ಗಂಡಸರು ಯಾರು? ಡ್ರೈವರು, ನರ್ಸು, ಪತ್ರಕರ್ತ. ಊರಲ್ಲಿ ಒಳ್ಳೆಯವರು ಅನಿಸಿಕೊಂಡವರು.

ಹಾಗಂತ ಹೊರಗಿನವರಿಂದಲೇ ಎಲ್ಲ ಕಲಿಯಬೇಕು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲೂ ಇದಕ್ಕೆ ಹೋರಾಟ ನಡೆದಿದೆ, ಅದೂ ಅವರಲ್ಲಿ ಎಷ್ಟೋ ಕಡೆಗಿಂತ ಮೊದಲೇ. 1972ರಲ್ಲಿ ಮಹಾರಾಷ್ಟ್ರದಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯೊಳಗೇ ಅತ್ಯಾಚಾರ ಆಯಿತು. ಮೈಮೇಲೆ ಗಾಯ ಇಲ್ಲ ಅಂತ ಸುಪ್ರೀಂ ಕೋರ್ಟು ಪೊಲೀಸರನ್ನು ಬಿಟ್ಟಿತು. 1979ರಲ್ಲಿ ನಾಲ್ಕು ಜನ ಕಾನೂನು ಮೇಷ್ಟ್ರುಗಳು, ಅವರಲ್ಲಿ ಇಬ್ಬರು ಹೆಂಗಸರು, ಸುಪ್ರೀಂ ಕೋರ್ಟಿಗೇ ಒಂದು ಬಹಿರಂಗ ಪತ್ರ ಬರೆದರು. ಸುಮ್ಮನಿದ್ದಳು ಅಂದರೆ ಒಪ್ಪಿದಳು ಅಂತ ಹೇಗೆ ಹೇಳುತ್ತೀರಿ ಅಂತ ಕೇಳಿದರು. 1983ರಲ್ಲಿ ಕಾನೂನು ಬದಲಾಯಿತು. ಒಂದು ಕಾಗದದಿಂದ ಅಷ್ಟು ದೂರ ಹೋಗಬಹುದು ಅನ್ನುವ ಧೈರ್ಯದಿಂದಲೇ ನಾನೂ ಬರೆಯುತ್ತಿದ್ದೇನೆ. 2012ರ ದಿಲ್ಲಿ ಘಟನೆ ಆದ ಮೇಲೆ, 2013ರ ತಿದ್ದುಪಡಿಯಲ್ಲಿ, ಎದುರಿಸಿ ಹೊಡೆದಾಡಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಅನ್ನಬಾರದು ಅಂತ ಸ್ಪಷ್ಟವಾಗಿ ಬರೆದರು. ಸ್ವೀಡನ್ ಒಪ್ಪಿಗೆಯ ಕಾನೂನು ತಂದದ್ದು 2018ರಲ್ಲಿ. ಕಾಗದದ ಮೇಲೆ ನಾವೇ ಮುಂದೆ ಇದ್ದೆವು. ಗಂಡ ಹೆಂಡತಿ ವಿಷಯದಲ್ಲಿ ಮಾತ್ರ ಹಿಂದೆ ಬಿದ್ದಿದ್ದೇವೆ. ನೇಪಾಳದ ಕೋರ್ಟು 2002ರಲ್ಲೇ ಗಂಡ ಮಾಡಿದರೂ ಅಪರಾಧವೇ ಅಂದಿತು, ನಮ್ಮಲ್ಲಿ 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಗಂಡನಿಗೆ ಆ ವಿನಾಯಿತಿ ಹಾಗೇ ಉಳಿದಿದೆ. ಅದಕ್ಕೆ ಬೇರೆಯೇ ಒಂದು ಪತ್ರ ಬರೆಯಬೇಕು.

ಮತ್ತೆ ನಿಮ್ಮ ಜಗಲಿಗೆ ಬರುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ಯಕ್ಷಗಾನಕ್ಕೆ ಜೀವ ಬಿಡುವವರು. ಕೀಚಕನ ಪ್ರಸಂಗ ಎಷ್ಟು ಸಲ ನೋಡಿದ್ದೀರಿ? ಕೀಚಕ ಒದ್ದ ಮೇಲೆ ಸೈರಂಧ್ರಿ ಓಡಿ ಬಂದು ತುಂಬಿದ ಸಭೆಯಲ್ಲಿ ನ್ಯಾಯ ಕೇಳುತ್ತಾಳೆ. ವಿರಾಟ ಬಾಯಿ ಬಿಡುವುದಿಲ್ಲ. ಕೀಚಕ ಅವನ ಹೆಂಡತಿಯ ತಮ್ಮ, ಮೇಲಾಗಿ ಸೈನ್ಯ ಅವನ ಕೈಯಲ್ಲಿದೆ. ಬೆಳಗಿನ ಜಾವ ಆ ಪದಕ್ಕೆ ಸೈರಂಧ್ರಿ ಅಳುವಾಗ ನೀವು ಹೆಗಲ ಮೇಲಿನ ಶಾಲಿನಿಂದ ಕಣ್ಣು ಒರೆಸಿಕೊಳ್ಳುವುದನ್ನು ನಾನು ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ. ಅದು ನಿಜವಾದ ಕಣ್ಣೀರು. ನಮ್ಮ ಸೂಪರ್‌ವೈಸರ್ ಕೂಡ ಮಾಲೀಕರ ಕಡೆಯವನು, ಆ ಜಾಗದಿಂದ ಊರಿನ ಎಷ್ಟೋ ಮನೆಗೆ ಸಂಬಳ ಬರುತ್ತಿತ್ತು. ಅವತ್ತು ನೀವು ಸುಮ್ಮನಾದದ್ದು ಸಂಸ್ಕೃತಿಯ ಸಲುವಾಗಿ ಅಂತ ನನಗೆ ಅನಿಸುವುದಿಲ್ಲ. ನನಗೂ ಭಯ ಇತ್ತು, ನನ್ನ ತಮ್ಮ ಅಲ್ಲೇ ಕೆಲಸಕ್ಕಿದ್ದ.

ಕೋರ್ಟು, ಸ್ಟೇಷನ್ ಅಂದರೆ ಹೂವಿನ ದಾರಿ ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ತಿರುಗಾಟ. ಅಸಹ್ಯದ ಪ್ರಶ್ನೆಗಳು. 2020ರಲ್ಲಿ ನಮ್ಮ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲೇ, ಘಟನೆ ಆದ ಮೇಲೆ ದಣಿದು ನಿದ್ದೆ ಹೋದೆ ಅನ್ನುವುದು ಭಾರತದ ಹೆಣ್ಣಿಗೆ ತಕ್ಕದ್ದಲ್ಲ ಅಂತ ಬರೆದಿದ್ದರು. ಜನ ಕೇಳಿದ ಮೇಲೆ ಆ ಸಾಲು ತೆಗೆದರು. ಇದೆಲ್ಲ ಇದ್ದರೂ ಹೋಗಬೇಕೋ ಬೇಡವೋ ಅನ್ನುವುದನ್ನು ನಿರ್ಧರಿಸಬೇಕಾದವಳು ಅವಳು. ನೀವು ಅವಳ ಹತ್ತಿರ ಕೇಳಲೇ ಇಲ್ಲ.

ಇನ್ನೊಂದು ಸಲ ಯಾವುದಾದರೂ ಮನೆಯವರು ನಿಮ್ಮ ಬಾಗಿಲಿಗೆ ಅಳುತ್ತಾ ಬಂದರೆ ದಯವಿಟ್ಟು ಕುರ್ಚಿ ಹಾಕಿಸಬೇಡಿ. ಗಾಡಿ ಹೊರಡಿಸಿ. ಮೊದಲು ಆಸ್ಪತ್ರೆ. ಸರ್ಕಾರಿ ಇರಲಿ, ಖಾಸಗಿ ಇರಲಿ, ಇಂಥ ಹೊತ್ತಿನಲ್ಲಿ ದುಡ್ಡು ಕೇಳದೆ ಚಿಕಿತ್ಸೆ ಕೊಡಬೇಕು ಅಂತ ಕಾನೂನಿದೆ. ಸ್ನಾನ ಮಾಡಿಸಬೇಡಿ, ಆ ಬಟ್ಟೆ ತೊಳೆಯಬೇಡಿ, ಅದು ಸಾಕ್ಷಿ. ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು, ನಮ್ಮ ಹದ್ದಲ್ಲ ಅಂತ ಅವರು ವಾಪಸ್ ಕಳಿಸುವ ಹಾಗಿಲ್ಲ. ಕನ್ಯೆಯೋ ಅಲ್ಲವೋ ಅಂತ ಬೆರಳಿನಿಂದ ನೋಡುವ ಆ ಹಾಳು ಪರೀಕ್ಷೆಯನ್ನು ಮಾಡುವುದೇ ತಪ್ಪು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಯಾರಾದರೂ ಮಾಡಲು ಬಂದರೆ ಅಡ್ಡ ನಿಲ್ಲಿ. ಫೋನು ಮಾಡಲಿಕ್ಕೆ ಹೆಂಗಸರ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ. ಕೆಲಸದ ಜಾಗದಲ್ಲಿ ಆದದ್ದಾದರೆ, ಅಲ್ಲಿ 10 ಜನಕ್ಕಿಂತ ಕಡಿಮೆ ಇದ್ದರೂ, ಮಾಲೀಕನ ಮೇಲೇ ದೂರಿದ್ದರೂ, ದೂರು ಕೇಳಲಿಕ್ಕೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು ಅಂತ 2013ರ ಕಾನೂನು ಹೇಳುತ್ತದೆ. ಮೀನು ಆರಿಸುವ, ಗೇರುಬೀಜ ಸುಲಿಯುವ ಹೆಂಗಸರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ನಾನು 14 ಜನರ ಹತ್ತಿರ ಕೇಳಿದೆ. ಒಬ್ಬಳಿಗೂ ಗೊತ್ತಿರಲಿಲ್ಲ. ಪಂಚಾಯ್ತಿಯವರು ಇದನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ದೊಡ್ಡದಾಗಿ ಬರೆಸಿ ಮೀನು ಮಾರ್ಕೆಟಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಹಾಕಿಸಿದರೆ ಎಷ್ಟು ಖರ್ಚಾದೀತು?

ಮತ್ತೆ, ಹುಡುಗಿಗೆ 18 ಆಗಿಲ್ಲದಿದ್ದರೆ ಗೊತ್ತಿದ್ದೂ ಪೊಲೀಸರಿಗೆ ಹೇಳದೆ ಮುಚ್ಚಿಡುವುದೇ ಪೋಕ್ಸೋ ಕಾನೂನಿನಲ್ಲಿ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾನೂನಿನಲ್ಲಿ, ಅಪರಾಧ. ರಾಜಿಗೆ ಕೂತವರಿಗೂ ಅದು ಅನ್ವಯಿಸುತ್ತದೆ.

ಅವಳು ಈಗ ಬೇರೆ ಊರಲ್ಲಿದ್ದಾಳೆ. ಕೆಲಸ ಇದೆ. ಚೆನ್ನಾಗಿದ್ದಾಳೆ ಅಂತ ಬರೆದರೆ ಪೂರ್ತಿ ನಿಜ ಆಗುವುದಿಲ್ಲ, ಇದ್ದಾಳೆ. ಬಂಡಿ ಹಬ್ಬಕ್ಕೆ ಬಾ ಅಂತ ಪ್ರತಿ ವರ್ಷ ಕರೆಯುತ್ತೇನೆ, ನೋಡೋಣ ಅಕ್ಕ ಅನ್ನುತ್ತಾಳೆ. ಅವತ್ತು ರಾಜಿಗೆ ಕೊಟ್ಟ ದುಡ್ಡನ್ನು ಅವಳ ಅಪ್ಪ ಇವತ್ತಿಗೂ ಮುಟ್ಟಿಲ್ಲ, ಕಪಾಟಿನಲ್ಲಿ ಹಾಗೇ ಕಟ್ಟಿಟ್ಟಿದ್ದಾರೆ.

ಈ ಪತ್ರವನ್ನು ಕಳಿಸುವ ಮೊದಲು ಅವಳಿಗೆ ಫೋನಿನಲ್ಲಿ ಓದಿ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಫೋನು ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಹೇಳಿದಳು: "ಅಕ್ಕ, ಅವತ್ತು ಅಷ್ಟು ಜನ ಬಂದಿದ್ದರು. ಒಬ್ಬರೂ ಒಳಗೆ ಬಂದು, ತಂಗಿ ಏನಾಯ್ತು ಅಂತ ಕೇಳಲಿಲ್ಲ. ನೀನೂ ಕೇಳಲಿಲ್ಲ. ಅದನ್ನು ಬರಿ."

ಬರೆದಿದ್ದೇನೆ.

ಇಂತಿ,
ಗೋಕರ್ಣದ ಕಡೆಯ ನಿಮ್ಮೂರ ಮಗಳು